ಪ್ರೊಬೇಷನ್ ಅವಧಿಯಲ್ಲಿ ಎರಡು ಕಾಯಿಲೆಗೆ ಒಂದೇ ಚಿಕಿತ್ಸೆ: ನನ್ನ ಅನುಭವ

ಪ್ರೊಬೇಷನ್‌ನಲ್ಲಿರುವವರಿಗೆ, ಅಂದರೆ ನ್ಯಾಯಾಲಯದ ಷರತ್ತುಗಳ ಮೇಲೆ ಅಧಿಕಾರಿಯೊಬ್ಬರ ನಿಗಾದಲ್ಲಿ ಜೈಲಿನ ಹೊರಗಿರುವವರಿಗೆ, ಆಪ್ತಸಮಾಲೋಚಕಿಯಾಗಿ ಕೆಲಸ ಮಾಡುವ ನಾನು ಮಾನಸಿಕ ಚಿಕಿತ್ಸಾಲಯಗಳಲ್ಲಿ ಪದೇ ಪದೇ ಕೇಳಿರುವ ಮಾತು ಇದು: ‘ಮೊದಲು ಕುಡಿತ ಬಿಟ್ಟು ಬರಲಿ, ಮನಸ್ಸಿನ ಕಾಯಿಲೆಯನ್ನು ಆಮೇಲೆ ನೋಡೋಣ.’ ವ್ಯಸನಮುಕ್ತಿ ಕೇಂದ್ರಕ್ಕೆ ಹೋದರೆ ಅದೇ ಮಾತು ತಿರುಗುಮುರುಗಾಗಿ ಕೇಳಿಸುತ್ತದೆ. ಎರಡೂ ಕಡೆ ಅಲೆಯುವಷ್ಟರಲ್ಲಿ ನ್ಯಾಯಾಲಯ ಕೊಟ್ಟ ಗಡುವು ಮುಗಿದು, ಷರತ್ತು ಮುರಿದಿದ್ದಾನೆ ಎಂಬ ವರದಿಯೂ ಹೋಗಿರುತ್ತದೆ. ಎರಡಕ್ಕೂ ಒಂದೇ ತಂಡ ಒಟ್ಟಿಗೆ ಚಿಕಿತ್ಸೆ ಕೊಡಬೇಕು ಎನ್ನುವುದರಲ್ಲಿ ನನಗೆ ಎಳ್ಳಷ್ಟೂ ಸಂದೇಹವಿಲ್ಲ.

ಒಬ್ಬ ಯುವಕನಿಗೆ ಸ್ಕಿಜೋಫ್ರೇನಿಯಾ ಎಂಬ ತೀವ್ರ ಮನೋರೋಗ ಇತ್ತು. ಕಿವಿಯಲ್ಲಿ ಬೈಯುವ ದನಿಗಳಿಂದ ತಪ್ಪಿಸಿಕೊಳ್ಳಲು ಕುಡಿಯುತ್ತಿದ್ದ. ಜೈಲಿನಲ್ಲಿದ್ದಾಗ ಒಲಾಂಜಪಿನ್ ಮಾತ್ರೆಯಿಂದ ದನಿಗಳು ಅಡಗಿದ್ದವು. ಪ್ರೊಬೇಷನ್ ಮೇಲೆ ಹೊರಬಂದ ನಂತರ ಅವು ಮತ್ತೆ ಶುರುವಾದವು, ಹಿಂದೆಯೇ ಕುಡಿತವೂ ಬಂತು. ಮಾತ್ರೆ ತಪ್ಪಿಸಿಲ್ಲ ಎಂದು ಅವನು ಹೇಳಿದರೆ ನಂಬುವವರಿರಲಿಲ್ಲ. ತಂಡದ ಸಭೆಯಲ್ಲಿ ಅವನ ದಿನಚರಿಯನ್ನು ಬೆಳಗಿನಿಂದ ರಾತ್ರಿಯವರೆಗೆ ಕೇಳುತ್ತಾ ಹೋದಾಗ ಸಿಕ್ಕಿದ್ದು ಸಿಗರೇಟು. ಜೈಲಿನಲ್ಲಿ ಅದು ಸಿಗುತ್ತಿರಲಿಲ್ಲ. ಹೊರಬಂದವನು ದಿನವಿಡೀ ಸೇದುತ್ತಿದ್ದ. ತಂಬಾಕಿನ ಹೊಗೆ ಯಕೃತ್ತಿನ ಕಿಣ್ವವೊಂದನ್ನು ಚುರುಕುಗೊಳಿಸುವುದರಿಂದ ರಕ್ತದಲ್ಲಿ ಒಲಾಂಜಪಿನ್ ಪ್ರಮಾಣ ಇಳಿಯುತ್ತದೆ. ಮನೋವೈದ್ಯರು ಮಾತ್ರೆಯ ಪ್ರಮಾಣ ಹೆಚ್ಚಿಸಿದರು. ದನಿಗಳು ತಗ್ಗಿದವು, ಆದರೆ ಬೆಳಗಿನ ಮಂಪರು ಹೆಚ್ಚಿ ಒಂಬತ್ತು ಗಂಟೆಯ ಹಾಜರಿ ತಪ್ಪತೊಡಗಿತು. ಪ್ರೊಬೇಷನ್ ಅಧಿಕಾರಿಯ ಬಳಿ ಮಾತನಾಡಿ ಹಾಜರಿಯನ್ನು ಮಧ್ಯಾಹ್ನಕ್ಕೆ ಹಾಕಿಸಿದೆ. ವೈದ್ಯರು, ಅಧಿಕಾರಿ, ನಾನು ಒಂದೇ ಮೇಜಿನ ಸುತ್ತ ಕೂರದೆ ಇದ್ದಿದ್ದರೆ ಅವನು ಸುಳ್ಳುಗಾರ, ಸೋಮಾರಿ ಎಂಬ ಹಣೆಪಟ್ಟಿ ಹೊತ್ತು ಮತ್ತೆ ಜೈಲು ಸೇರುತ್ತಿದ್ದ.

ಹೊಸಬರು ಬಂದಾಗ ನಾನು ಮೊದಲು ವಿಚಾರಿಸುವುದು ಕೊನೆಯ ಸಲ ಯಾವಾಗ, ಎಷ್ಟು ಕುಡಿದಿರಿ ಎಂದು. ವರ್ಷಗಟ್ಟಲೆ ದಿನವೂ ವಿಪರೀತ ಕುಡಿದವರು ಥಟ್ಟನೆ ನಿಲ್ಲಿಸಿದರೆ ಮೊದಲ ಎರಡು ದಿನಗಳಲ್ಲಿ ಅಪಸ್ಮಾರದಂಥ ಸೆಳೆತ ಬರಬಹುದು; ಆಮೇಲೆ ಸನ್ನಿ ಹಿಡಿಯಬಹುದು, ಜೀವವೇ ಹೋಗಬಹುದು. ಆದ್ದರಿಂದ ‘ಇಂದಿನಿಂದ ಹನಿಯನ್ನೂ ಮುಟ್ಟಕೂಡದು’ ಎಂಬ ಷರತ್ತಿದ್ದರೆ, ಅದೇ ದಿನ ವೈದ್ಯರ ಕಣ್ಗಾವಲೂ ಇರಲೇಬೇಕು. ಹೆರಾಯಿನ್‌ನಂಥ ಮಾದಕವಸ್ತುಗಳ ವಿಷಯ ಇನ್ನೂ ಸೂಕ್ಷ್ಮ: ಜೈಲಿನಲ್ಲಿ ಬಿಟ್ಟಿದ್ದ ದೇಹ ಹಳೆಯ ಪ್ರಮಾಣವನ್ನು ತಾಳಲಾರದು, ಬಿಡುಗಡೆಯಾದ ಮೊದಲ ಎರಡು ವಾರಗಳಲ್ಲಿ ಸಾವಿನ ಅಪಾಯ ಅತಿ ಹೆಚ್ಚು. ಕುಡಿತದಿಂದಲೇ ಬಂದ ಖಿನ್ನತೆ ಹಲವರಲ್ಲಿ ಬಿಟ್ಟ ಎರಡರಿಂದ ನಾಲ್ಕು ವಾರಗಳಲ್ಲಿ ತಾನಾಗಿ ಇಳಿಯುತ್ತದೆ, ನಿಜ. ಹಾಗೆಂದು ಸಾಯುವ ಮಾತಾಡುವವರನ್ನೂ ದನಿಗಳು ಕೇಳಿಸುವವರನ್ನೂ ಕಾಯಿಸುವಂತಿಲ್ಲ.

ಮಾದಕವಸ್ತು ಪತ್ತೆಗೆ ಮಾಡುವ ಮೂತ್ರ ಪರೀಕ್ಷೆಯ ಫಲಿತಾಂಶವನ್ನು ಅಧಿಕಾರಿ ಒಂದು ರೀತಿ ಓದುತ್ತಾರೆ, ನಾವು ಇನ್ನೊಂದು ರೀತಿ. ಗಾಂಜಾವನ್ನು ದಿನವೂ ಸೇದುತ್ತಿದ್ದವರು ಬಿಟ್ಟು ವಾರಗಳೇ ಕಳೆದರೂ ಮೂತ್ರದಲ್ಲಿ ಅದರ ಅಂಶ ಸಿಗುತ್ತದೆ. ಖಿನ್ನತೆಗೆ ಕೊಡುವ ಬ್ಯುಪ್ರೊಪಿಯಾನ್ ಪ್ರಾಥಮಿಕ ಪರೀಕ್ಷೆಯಲ್ಲಿ ಆಂಫೆಟಮಿನ್ ಎಂಬ ಉತ್ತೇಜಕ ಮಾದಕವಸ್ತು ಇದೆ ಎಂದು ಸುಳ್ಳು ಸುಳಿವು ಕೊಡುವುದುಂಟು. ನಾವೇ ಬರೆದುಕೊಟ್ಟ ಮಾತ್ರೆ ಒಬ್ಬನನ್ನು ಕಂಬಿಯ ಹಿಂದೆ ತಳ್ಳುವುದು ಎಂಥ ಅನ್ಯಾಯ! ಹಾಗಾಗಿ ಪ್ರತಿಯೊಬ್ಬರ ಔಷಧಗಳ ಪಟ್ಟಿಯನ್ನು, ಅವರ ಒಪ್ಪಿಗೆ ಪಡೆದು, ಪರೀಕ್ಷೆಗೆ ಮುಂಚೆಯೇ ಅಧಿಕಾರಿಗೆ ಕಳುಹಿಸುತ್ತೇನೆ. ಅನುಮಾನ ಬಂದರೆ ಪ್ರಯೋಗಾಲಯದ ದೃಢೀಕರಣ ಪರೀಕ್ಷೆ ಆಗುವವರೆಗೆ ನ್ಯಾಯಾಲಯಕ್ಕೆ ವರದಿ ಬೇಡ ಎಂದು ಪಟ್ಟು ಹಿಡಿಯುತ್ತೇನೆ.

ಯಾವುದನ್ನು ಅಧಿಕಾರಿಗೆ ಹೇಳುತ್ತೇನೆ, ಯಾವುದನ್ನು ಹೇಳುವುದಿಲ್ಲ ಎಂಬುದನ್ನು ಮೊದಲ ಭೇಟಿಯಲ್ಲೇ ಬರೆದು ಸಹಿ ಮಾಡಿಸಿಕೊಳ್ಳುತ್ತೇವೆ. ಹಾಜರಿ, ಪರೀಕ್ಷೆಯ ಫಲಿತಾಂಶ, ಜೀವಕ್ಕೆ ಅಪಾಯ ಇದ್ದರೆ ಅದು, ಇಷ್ಟು ಹೇಳುತ್ತೇನೆ. ಕೋಣೆಯೊಳಗೆ ಅತ್ತದ್ದು, ಬಾಲ್ಯದ ಪೆಟ್ಟುಗಳು, ಕುಡಿಯಬೇಕೆನಿಸುತ್ತಿದೆ ಎಂಬ ಮಾತು ಅಲ್ಲೇ ಉಳಿಯುತ್ತವೆ. ಹಾಗಿದ್ದಾಗ ಮಾತ್ರ ಜನ ಮತ್ತೆ ಕುಡಿದ ಮರುದಿನವೂ ನನ್ನ ಬಳಿ ಬರುತ್ತಾರೆ. ಅಧಿಕಾರಿಗಳಲ್ಲಿ ಹಲವರು ಇದನ್ನು ಮೊದಲು ಒಪ್ಪಲಿಲ್ಲ. ಬೆದರಿಸಿದಾಗ ತಲೆಮರೆಸಿಕೊಳ್ಳುತ್ತಿದ್ದವರೇ ಈಗ ತಾವಾಗಿ ಫೋನ್ ಮಾಡುವುದನ್ನು ಕಂಡು ಒಪ್ಪಿದರು.

ಪ್ರೊಬೇಷನ್ ಮುಗಿಯುವುದಕ್ಕೆ ಕೆಲವು ತಿಂಗಳು ಮೊದಲೇ ಮುಂದಿನ ಮಾತ್ರೆ ಯಾರು ಬರೆಯುತ್ತಾರೆ, ಎಲ್ಲಿ ಸಿಗುತ್ತದೆ ಎಂದು ಗೊತ್ತುಮಾಡುತ್ತೇವೆ. ಹೊಸ ವೈದ್ಯರ ಮೊದಲ ಭೇಟಿಗೆ ನಾನೂ ಜೊತೆಯಲ್ಲಿ ಹೋಗುತ್ತೇನೆ.