ಕ್ವಿಲ್ಟ್ ಗುಂಪಿಗೆ ಹೊಸಬರಾ? ನಾನ್‌ಖಟಾಯಿ ಜೊತೆ ಅಳತೆಯನ್ನೂ ಒಯ್ಯಿರಿ

ಅಮೆರಿಕಕ್ಕೆ ಹೊಸದಾಗಿ ಬಂದವರು ನನ್ನನ್ನು ಕೇಳುವುದು ಸಾಮಾನ್ಯವಾಗಿ ಮೂರು ಪ್ರಶ್ನೆ. ಒಳ್ಳೆ ಸೋನಾ ಮಸೂರಿ ಎಲ್ಲಿ ಸಿಗುತ್ತೆ, ಡ್ರೈವಿಂಗ್ ಟೆಸ್ಟ್ ಕಷ್ಟಾನಾ, ಹಗಲೆಲ್ಲ ಮನೆಯಲ್ಲಿ ಒಬ್ಬರೇ ಏನು ಮಾಡೋದು. ಮೊದಲೆರಡಕ್ಕೆ ಉತ್ತರ ಹೇಳುವವರು ಬೇಕಾದಷ್ಟು ಜನ ಇದ್ದಾರೆ. ಮೂರನೆಯದಕ್ಕೆ ಮಾತ್ರ ನನ್ನ ಹತ್ತಿರ ಒಂದು ಉತ್ತರ ಇದೆ. ನಿಮ್ಮೂರಿನ ಕ್ವಿಲ್ಟ್ ಗುಂಪಿಗೆ ಹೋಗಿ. ಹೋಗುವಾಗ ಕೈಯಲ್ಲಿ ಏನಾದರೂ ತಿನ್ನೋದು ಇರಲಿ. ಅದರ ರೆಸಿಪಿ ಒಂದು ಕಾರ್ಡಿನಲ್ಲಿ ಬರೆದಿರಲಿ.

ನಾನು ಧಾರವಾಡದ ಕಡೆಯವಳು. ಓಹಾಯೋಗೆ ಬಂದು ಹದಿನೇಳು ವರ್ಷ ಆಯಿತು. ಕ್ವಿಲ್ಟ್ ಅಂದರೆ ನಮ್ಮ ಕೌದಿಯ ದಾಯಾದಿ ಅಂದುಕೊಳ್ಳಿ. ನಮ್ಮಜ್ಜಿ ಹಳೆ ಸೀರೆ, ಧೋತರ ಎಲ್ಲ ಒಂದರ ಮೇಲೊಂದು ಹಾಸಿ, ಉದ್ದುದ್ದ ಹೊಲಿಗೆ ಹಾಕುತ್ತಿದ್ದಳು. ಇಲ್ಲಿ ಮೂರು ಪದರ. ಮೇಲೆ ತುಂಡು ಬಟ್ಟೆ ಜೋಡಿಸಿದ ಚಿತ್ತಾರ, ಕೆಳಗೆ ಅಸ್ತರು, ನಡುವೆ ಹತ್ತಿಯ ಹಾಳೆ. ಈ ಹಾಳೆಗೆ ಬ್ಯಾಟಿಂಗ್ ಅಂತಾರೆ. ಮೊದಲ ದಿನ ಆ ಶಬ್ದ ಕೇಳಿ ನನ್ನ ಗಂಡ ಸೋಫಾದಿಂದ ಎದ್ದು ಕೂತಿದ್ದ.

ಓಹಾಯೋದಲ್ಲಿ ಕ್ವಿಲ್ಟ್ ಹಾಸಿಗೆ ಮೇಲಷ್ಟೇ ಅಲ್ಲ, ದನದ ಕೊಟ್ಟಿಗೆ ಗೋಡೆಯ ಮೇಲೂ ಕಾಣುತ್ತೆ. ಹಳ್ಳಿ ಕಡೆ ಕಾರಿನಲ್ಲಿ ಹೋದರೆ ದೊಡ್ಡ ಮರದ ಕೊಟ್ಟಿಗೆಗಳ ಮೇಲೆ ಬಣ್ಣದ ಚೌಕಗಳು ಕಾಣುತ್ತವೆ, ನೋಡಿ. ಅದು 2001ರಲ್ಲಿ ಇಲ್ಲಿನ ಆಡಮ್ಸ್ ಕೌಂಟಿಯಲ್ಲಿ ಶುರುವಾದದ್ದು. ಡೊನ್ನಾ ಸೂ ಗ್ರೋವ್ಸ್ ಎಂಬಾಕೆ, ಕ್ವಿಲ್ಟ್ ಹೊಲಿಯುತ್ತಿದ್ದ ತನ್ನ ಅಮ್ಮನಿಗಾಗಿ ಹುಟ್ಟುಹಾಕಿದ ಕೆಲಸ. ಈಗ ಬೇರೆ ರಾಜ್ಯಗಳಲ್ಲೂ ಹಬ್ಬಿದೆ.

ಗುಂಪು ಹುಡುಕೋದು ಕಷ್ಟವಲ್ಲ. ಲೈಬ್ರರಿಯಲ್ಲಿ ಕೇಳಿ, ಇಲ್ಲವೇ ಬಟ್ಟೆ ಅಂಗಡಿಯಲ್ಲಿ ಕೇಳಿ. ಸಾಮಾನ್ಯವಾಗಿ ತಿಂಗಳಿಗೊಂದು ಸಭೆ. ಬಹಳ ಕಡೆ ಚರ್ಚಿನ ನೆಲಮಾಳಿಗೆಯಲ್ಲಿ ಸೇರುತ್ತಾರೆ, ಆದರೆ ಜಾಗ ಚರ್ಚಿನದು ಅಷ್ಟೇ, ಯಾರೂ ನಿಮ್ಮ ದೇವರ ವಿಷಯ ಕೇಳುವುದಿಲ್ಲ. ಹೊಲಿಗೆ ಮಷೀನು ಇರಲೇಬೇಕು ಅಂತಲೂ ಇಲ್ಲ. ನನಗೆ ಮೊದಲು ಕಷ್ಟವಾಗಿದ್ದು ಬೇರೆ. ಎಂಬತ್ತರ ಹತ್ತಿರದ ಅಜ್ಜಿಯನ್ನು ಬರೀ ಹೆಸರು ಹಿಡಿದು ಕರೆಯಬೇಕು. ನಾಲಿಗೆ ಹೊರಳಲೇ ಇಲ್ಲ. ಎರಡು ತಿಂಗಳು ಹೆಸರೇ ಹೇಳದೆ, ಅವರ ಎದುರಿಗೆ ಹೋಗಿ ನಿಂತು ಮಾತಾಡಿದೆ.

ಈಗ ತಿಂಡಿ ವಿಷಯ. ನನ್ನ ತಪ್ಪಿನಿಂದಲೇ ಶುರು ಮಾಡುತ್ತೇನೆ.

ಮೊದಲ ಸಲ ನಾನು ಒಯ್ದದ್ದು ಹಚ್ಚಿದ ಅವಲಕ್ಕಿ. ಒಣ ತಿಂಡಿ, ಎಲ್ಲರೂ ತಿನ್ನುತ್ತಾರೆ ಅಂತ ಲೆಕ್ಕ. ತಿಂದರು ಕೂಡ. ತಿಂದ ಕೈಯಲ್ಲೇ ಒಬ್ಬರು ಪಕ್ಕದವರ ಕ್ವಿಲ್ಟ್ ಎತ್ತಿ ನೋಡಿದರು. ಹಾಲಿನಂಥ ಬಿಳಿ ಅಂಚಿನ ಮೇಲೆ ಎರಡು ಹಳದಿ ಬೆರಳು. ಎಣ್ಣೆ ಸೇರಿದ ಅರಿಶಿನ ಬಿಡುತ್ತದೆಯೇ? ನನಗೆ ನೆಲ ಬಿರಿದು ಒಳಗೆ ಹೋದರೆ ಸಾಕು ಅನಿಸಿತು. ಆ ಕ್ವಿಲ್ಟ್ ನಮ್ಮ ಗುಂಪಿನ ಹಿರಿಯಜ್ಜಿಯದು. ಅವರು ಏನೂ ಅನ್ನಲಿಲ್ಲ. ನಾನೇ ಮನೆಗೆ ತಂದು, ಪಾತ್ರೆ ಸೋಪು ಹಾಕಿ ಮೆತ್ತಗೆ ತಿಕ್ಕಿ, ಬಿಸಿಲು ಬೀಳುವ ಕಿಟಕಿಯಲ್ಲಿ ಹರಡಿದೆ. ಅರಿಶಿನದ ಬಣ್ಣ ಬಿಸಿಲಿಗೆ ನಿಲ್ಲುವುದಿಲ್ಲ, ಊರಲ್ಲಿ ಅಮ್ಮ ಮಾಡುತ್ತಿದ್ದದ್ದು ಅದೇ. ಐದನೇ ದಿನಕ್ಕೆ ಕಲೆ ಹೋಗಿತ್ತು. ಕ್ವಿಲ್ಟ್ ವಾಪಸ್ ಕೊಡಲು ಹೋದಾಗ ಜೊತೆಗೆ ಒಂದು ಡಬ್ಬಿ ನಾನ್‌ಖಟಾಯಿ ಒಯ್ದೆ. ಸ್ನೇಹ ಶುರುವಾಗಿದ್ದು ಅಲ್ಲಿಂದ.

ಹಾಗಾಗಿ ಹೊಲಿಗೆ ಮೇಜಿನ ಹತ್ತಿರ ಅರಿಶಿನ ಬೇಡ, ಎಣ್ಣೆ ಜಿಡ್ಡಿನದು ಬೇಡ, ಪುಡಿ ಉದುರುವುದು ಬೇಡ, ಸಕ್ಕರೆ ಪಾಕದ್ದಂತೂ ಬೇಡವೇ ಬೇಡ. ತಿಂಡಿಗೆ ಬೇರೆ ಮೇಜು ಇರುತ್ತೆ, ಅದರ ಪಕ್ಕ ಒದ್ದೆ ಟಿಶ್ಯೂ ಇಟ್ಟಿರುತ್ತಾರೆ. ಈ ಹೆಂಗಸರು ತರುವುದೂ ಹಾಗೇ ಇರುತ್ತೆ. ಬಾರ್ ಅಂತ ಚೌಕಾಕಾರ ಕೊಯ್ದ ಬಿಸ್ಕತ್ತು, ಬಾಳೆಹಣ್ಣಿನ ಬ್ರೆಡ್, ದಾಲ್ಚಿನ್ನಿ ಸಕ್ಕರೆಯಲ್ಲಿ ಹೊರಳಿಸಿದ ಸ್ನಿಕರ್‌ಡೂಡಲ್. ಆಗಸ್ಟ್ ಬಂತೆಂದರೆ ಜುಕಿನಿ ಬ್ರೆಡ್. ಹಿತ್ತಲಲ್ಲಿ ಸೋರೆಕಾಯಿ ಥರ ಬೆಳೆದು ಯಾರಿಗೂ ಬೇಡವಾದ ಜುಕಿನಿಯನ್ನು ತುರಿದು ಹಾಕಿ ಮುಗಿಸುವ ಉಪಾಯ ಅದು. ಆ ತಿಂಗಳು ಕಾರಿನ ಬಾಗಿಲು ಲಾಕ್ ಮಾಡಿ, ಇಲ್ಲದಿದ್ದರೆ ಯಾರಾದರೂ ಸೀಟಿನ ಮೇಲೆ ನಾಲ್ಕು ಜುಕಿನಿ ಇಟ್ಟು ಹೋಗುತ್ತಾರೆ ಅಂತ ಇಲ್ಲಿ ಒಂದು ಹಳೇ ತಮಾಷೆ.

ನಾನ್‌ಖಟಾಯಿ ತಿಂದ ಹಿರಿಯಜ್ಜಿ ರೆಸಿಪಿ ಕೇಳಿದರು. ನಾನು ಉತ್ಸಾಹದಿಂದ ಹೇಳಿದೆ. ಮೈದಾ ಒಂದು ಲೋಟ, ಕಡಲೆ ಹಿಟ್ಟು ಒಂದು ಹಿಡಿ, ತುಪ್ಪ ಹಿಡಿಯುವಷ್ಟು, ಹಿಟ್ಟು ಕೈಗೆ ಅಂಟಬಾರದು. ಅವರು ಪೆನ್ನು ಕೆಳಗಿಟ್ಟು ಕೇಳಿದರು: “ಯಾರ ಕೈಗೆ?”

ಹದ ಎನ್ನುವ ಮಾತನ್ನು ಇಂಗ್ಲಿಷಿನಲ್ಲಿ ಹೇಳಲು ಹೋಗಿ ಸೋತೆ.

ಅವರ ಪ್ರಶ್ನೆಯಲ್ಲಿ ಅಣಕ ಇರಲಿಲ್ಲ. ಕ್ವಿಲ್ಟ್ ಹೊಲಿಯುವವರಿಗೆ ಅಂದಾಜು ಅನ್ನುವುದು ನಿಜವಾಗಿಯೂ ಗೊತ್ತಾಗುವುದಿಲ್ಲ. ಅವರ ಹೊಲಿಗೆ ಅಂಚಿನಿಂದ ಕಾಲು ಇಂಚಿಗೇ ಬೀಳಬೇಕು. ಪ್ರತಿ ತುಂಡಿನಲ್ಲಿ ಒಂದು ಇಂಚಿನ ಹದಿನಾರನೇ ಒಂದು ಭಾಗ ತಪ್ಪಿತು ಅನ್ನಿ. ಒಂದು ಹೊಲಿಗೆಗೆ ಎರಡು ತುಂಡು. ಎಂಟು ಹೊಲಿಗೆ ದಾಟುವಷ್ಟರಲ್ಲಿ ಪೂರ್ತಿ ಒಂದು ಇಂಚು ಹೋಯಿತು, ಸಾಲಿಗೆ ಸಾಲು ಕೂಡುವುದೇ ಇಲ್ಲ. ದಿನವಿಡೀ ಹೀಗೆ ಅಳೆಯುವವರ ಮುಂದೆ “ಒಂದು ಹಿಡಿ” ಅಂದರೆ ಏನಾಗಬೇಕು?

ಮುಂದಿನ ವಾರ ಅವರೇ ನಮ್ಮನೆಗೆ ಬಂದರು, ಚೀಲದಲ್ಲಿ ಒಂದು ಸಣ್ಣ ತಕ್ಕಡಿ. “ನೀನು ಮಾಮೂಲಿನಂತೆ ಮಾಡು, ನನ್ನ ಕಡೆ ನೋಡಬೇಡ” ಅಂದರು. ನನ್ನ ಹಿಟ್ಟಿನ ಡಬ್ಬಿಯನ್ನೇ ತಕ್ಕಡಿ ಮೇಲೆ ಇಟ್ಟರು. ನಾನು ಹಿಡಿ ತೆಗೆದಾಗಲೆಲ್ಲ ಎಷ್ಟು ಕಡಿಮೆಯಾಯಿತು ಅಂತ ಬರೆದುಕೊಂಡರು. ಮೂರು ಸಲ ಮಾಡಿಸಿದರು. ಮೂರು ಸಲವೂ ನನ್ನ ಹಿಡಿಯಲ್ಲಿ ಎರಡು ಮೂರು ಗ್ರಾಮಿನ ವ್ಯತ್ಯಾಸ ಬಂತು, ಅಷ್ಟೇ. ಅದನ್ನು ನೋಡಿ ನನಗಿಂತ ಅವರಿಗೇ ಜಾಸ್ತಿ ಆಶ್ಚರ್ಯ.

ಆ ದಿನ ಕಾರ್ಡಿನ ಮೇಲೆ ಇಳಿದದ್ದು ಇದು. ಮೈದಾ 125 ಗ್ರಾಂ. ಕಡಲೆ ಹಿಟ್ಟು 2 ದೊಡ್ಡ ಚಮಚ, ಚಿರೋಟಿ ರವೆ 2 ದೊಡ್ಡ ಚಮಚ. ಪುಡಿ ಸಕ್ಕರೆ 60 ಗ್ರಾಂ. ಕರಗಿಸದ, ಮೆತ್ತಗಿರುವ ತುಪ್ಪ 100 ಗ್ರಾಂ. ಅಡುಗೆ ಸೋಡಾ ಕಾಲು ಚಿಕ್ಕ ಚಮಚ, ಏಲಕ್ಕಿ ಪುಡಿ ಅರ್ಧ ಚಿಕ್ಕ ಚಮಚ, ಚಿಟಿಕೆ ಉಪ್ಪು. ತುಪ್ಪ ಸಕ್ಕರೆ ಬೆಳ್ಳಗಾಗುವ ತನಕ ಕಲಸಿ, ಉಳಿದದ್ದು ಸೇರಿಸಿ, ನಿಂಬೆಹಣ್ಣಿಗಿಂತ ಚಿಕ್ಕ ಉಂಡೆ ಕಟ್ಟಿ ಸ್ವಲ್ಪ ಒತ್ತಿ. ಓವನ್ 350 ಡಿಗ್ರಿ ಫ್ಯಾರನ್‌ಹೀಟ್, ಸುಮಾರು 15 ನಿಮಿಷ. ಅಂಚು ನಸುಗೆಂಪಾದರೆ ಸಾಕು. ಓವನ್ನಿಂದ ತೆಗೆದಾಗ ಮೆತ್ತಗೇ ಇರುತ್ತೆ, ಹಸಿ ಅಂತ ಮತ್ತೆ ಒಳಗೆ ತಳ್ಳಬೇಡಿ. ಆರಿದ ಮೇಲೆ ಗರಿಯಾಗುತ್ತೆ.

ನೀವೂ ಒಂದು ತಕ್ಕಡಿ ಕೊಂಡುಕೊಳ್ಳಿ. ಇಲ್ಲಿನವರು ಕಪ್ ಲೆಕ್ಕದಲ್ಲಿ ಬರೆಯುತ್ತಾರೆ, ಅಮೆರಿಕದ ಕಪ್ ಅಂದರೆ ಸುಮಾರು 237 ಮಿಲಿಲೀಟರ್. ಆದರೆ ಕಪ್ಪನ್ನೇ ಹಿಟ್ಟಿನ ಚೀಲಕ್ಕೆ ಅದ್ದಿದರೆ ಹಿಟ್ಟು ಒತ್ತಿಕೊಂಡು ಜಾಸ್ತಿ ಬರುತ್ತೆ. ಚಮಚದಿಂದ ಉದುರಿಸಿ, ಚಾಕುವಿನ ಬೆನ್ನಿನಿಂದ ಸಪಾಟು ಮಾಡಿ. ಆಗ ಒಂದು ಕಪ್ ಮೈದಾ 120 ಗ್ರಾಂ ಆಸುಪಾಸು, ಸಕ್ಕರೆ 200 ಗ್ರಾಂ. ಬ್ರೌನ್ ಶುಗರ್ ಮಾತ್ರ ಒತ್ತಿಯೇ ತುಂಬಬೇಕು. ಒಂದು ಸ್ಟಿಕ್ ಬೆಣ್ಣೆ ಅಂದರೆ ಅರ್ಧ ಕಪ್, 113 ಗ್ರಾಂ. ಬೆಣ್ಣೆ ಬದಲು ತುಪ್ಪ ಹಾಕುವವರು ಅಷ್ಟೇ ತೂಕ ಹಾಕಬೇಡಿ. ಬೆಣ್ಣೆಯಲ್ಲಿ ಜಿಡ್ಡು ನೂರಕ್ಕೆ ಸುಮಾರು 80 ಭಾಗ, ಉಳಿದದ್ದು ಹೆಚ್ಚಾಗಿ ನೀರು. ಸ್ಟಿಕ್ಕಿಗೆ 90 ಗ್ರಾಂ ತುಪ್ಪ ಸಾಕು. ಇದು ಗೊತ್ತಿಲ್ಲದೆ ನಾನು ಒಂದು ತಟ್ಟೆ ಕುಕಿಯನ್ನು ಒಂದೇ ದೋಸೆ ಮಾಡಿದ್ದೇನೆ.

ಬದಲಿಗೆ ನಿಮ್ಮ ಕೈಗೂ ಕಾರ್ಡುಗಳು ಬರುತ್ತವೆ. ಹಳೆಯ ಕಾರ್ಡುಗಳ ಭಾಷೆಯೇ ಬೇರೆ. “ಓಲಿಯೊ” ಅಂತ ಇದ್ದರೆ ಮಾರ್ಗರೀನ್. “ಮಾಡರೇಟ್ ಓವನ್” ಅಂದರೆ 350ರಿಂದ 375 ಡಿಗ್ರಿ. ಹಿರಿಯಜ್ಜಿ ಕೊಟ್ಟ ಕಾರ್ಡು ಅವರ ಅಜ್ಜಿಯದಂತೆ, ಮೂಲೆಯಲ್ಲಿ ಬೆಣ್ಣೆಯ ಕಲೆ. ಅದರಲ್ಲಿ ಏನಿತ್ತು ಗೊತ್ತಾ? “ಮೊಟ್ಟೆ ಗಾತ್ರದ ಬೆಣ್ಣೆ.” ನಾನು ಕಾರ್ಡು ಎತ್ತಿ ಹಿಡಿದು “ಯಾವ ಕೋಳಿಯ ಮೊಟ್ಟೆ?” ಅಂದೆ. ಅವತ್ತು ಅವರು ನಕ್ಕಿದ್ದು ನೆನಪಾದರೆ ಈಗಲೂ ಖುಷಿಯಾಗುತ್ತೆ. ಅವರ ಅಜ್ಜಿಯದೂ ನಮ್ಮಜ್ಜಿಯ ಲೆಕ್ಕವೇ! ಸಪಾಟು ಚಮಚ, ಸಪಾಟು ಕಪ್ ಅನ್ನುವುದನ್ನು ಮನೆಮನೆಗೆ ಮುಟ್ಟಿಸಿದ್ದು ಬಾಸ್ಟನ್ನಿನ ಫ್ಯಾನಿ ಫಾರ್ಮರ್, 1896ರ ತಮ್ಮ ಅಡುಗೆ ಪುಸ್ತಕದಿಂದ. ಅದಕ್ಕೆ ಮೊದಲು ಇಲ್ಲಿಯೂ ಹಿಡಿ, ಚಿಟಿಕೆ, ಮೊಟ್ಟೆ ಗಾತ್ರವೇ ನಡೆಯುತ್ತಿತ್ತು. ಅಂದ ಹಾಗೆ, ಆ ಬೆಣ್ಣೆ ಸುಮಾರು ಕಾಲು ಕಪ್.

ಸಸ್ಯಾಹಾರಿಗಳಿಗೆ ಒಂದು ಮಾತು. “ಐ ಆಮ್ ವೆಜಿಟೇರಿಯನ್” ಅಂದರೆ ಇಲ್ಲಿ ಮೊಟ್ಟೆ ತಿನ್ನುತ್ತೀರಿ ಅಂತಲೇ ಅರ್ಥ. ಕೇಕು, ಕುಕಿಯಲ್ಲಿ ಮೊಟ್ಟೆ ಇದೆಯಾ ಅಂತ ನೇರವಾಗಿ ಕೇಳಿ. ಯಾರೂ ತಪ್ಪು ತಿಳಿಯುವುದಿಲ್ಲ. ಪೈ ಅನ್ನುವ ತಿನಿಸಿನ ಹೊರಗಿನ ಹಿಟ್ಟಿನ ಪದರದಲ್ಲಿ ಲಾರ್ಡ್ ಇರಬಹುದು, ಅದು ಹಂದಿ ಕೊಬ್ಬು. ಮಾರ್ಷ್‌ಮೆಲ್ಲೋ ಹಾಕಿದ್ದರಲ್ಲಿ ಸಾಮಾನ್ಯವಾಗಿ ಜೆಲಟಿನ್ ಇರುತ್ತೆ, ಅದು ಪ್ರಾಣಿಗಳ ಚರ್ಮ, ಮೂಳೆಯಿಂದ ತೆಗೆದದ್ದು. ಅವರ ರೆಸಿಪಿಯನ್ನು ಮನೆಯಲ್ಲಿ ಮಾಡುವಾಗ ಒಂದು ಮೊಟ್ಟೆಯ ಬದಲು ಒಂದು ದೊಡ್ಡ ಚಮಚ ಅಗಸೆ ಬೀಜದ ಪುಡಿಯನ್ನು ಮೂರು ಚಮಚ ನೀರಿನಲ್ಲಿ ನೆನೆಸಿ ಹಾಕಬಹುದು, ಅಥವಾ ಕಾಲು ಕಪ್ ಮೊಸರು. ಬಾಳೆಹಣ್ಣಿನ ಬ್ರೆಡ್ಡಿಗೆ ಇದು ಚೆನ್ನಾಗಿ ಒಗ್ಗುತ್ತೆ. ಏಂಜಲ್ ಫುಡ್ ಕೇಕಿಗೆ ಮಾತ್ರ ಪ್ರಯತ್ನಿಸಬೇಡಿ, ಅದು ನಿಂತಿರುವುದೇ ಮೊಟ್ಟೆಯ ಬಿಳಿಯ ಮೇಲೆ. ಓಹಾಯೋದವರ ಬಕೈ ಅನ್ನು ಮಾತ್ರ ಖಂಡಿತ ಕಲಿಯಿರಿ. ಕಡಲೆಕಾಯಿ ಬೆಣ್ಣೆ, ಬೆಣ್ಣೆ, ಪುಡಿ ಸಕ್ಕರೆ ಕಲಸಿ ಉಂಡೆ ಕಟ್ಟಿ, ಮೇಲೆ ಸ್ವಲ್ಪ ಬಿಟ್ಟು ಚಾಕೊಲೇಟಿನಲ್ಲಿ ಅದ್ದುವುದು. ಚಾಕೊಲೇಟ್ ಕರಗಿಸುವುದು ಬಿಟ್ಟರೆ ಒಲೆ ಕೆಲಸ ಇಲ್ಲ, ಓವನ್ ಇಲ್ಲ, ಮೊಟ್ಟೆ ಇಲ್ಲ. ನಮ್ಮ ಶೇಂಗಾ ಉಂಡೆಗೆ ಕೋಟು ತೊಡಿಸಿದ ಹಾಗೆ.

ನಿಮ್ಮ ಕಡೆಯಿಂದ ಮಾಡಬೇಕಾದದ್ದು, ಡಬ್ಬಿ ಪಕ್ಕ ಒಂದು ಚೀಟಿ ಇಡುವುದು. ಗೋಡಂಬಿ, ಶೇಂಗಾ, ಹಾಲು, ಎಳ್ಳು, ಗೋಧಿ, ಏನೇನಿದೆಯೋ ಎಲ್ಲ ಬರೆಯಿರಿ. ಶೇಂಗಾ ಅಲರ್ಜಿ ಇಲ್ಲಿ ತಮಾಷೆಯಲ್ಲ, ಜೀವಕ್ಕೆ ಬರುತ್ತೆ. ಬೇರೆಯವರು ಕೊಟ್ಟ ರೆಸಿಪಿಯನ್ನು ಮುಂದೆ ದಾಟಿಸುವಾಗ ಯಾರ ಅಡುಗೆಮನೆಯದು ಅಂತ ಹೆಸರು ಬರೆಯುವುದು ಇಲ್ಲಿನ ವಾಡಿಕೆ. ಇದನ್ನು ಬಿಟ್ಟರೆ ಬೇಜಾರಾಗುತ್ತಾರೆ, ಬಾಯಿಬಿಟ್ಟು ಹೇಳುವುದಿಲ್ಲ ಅಷ್ಟೇ.

ಡಿಸೆಂಬರಿನಲ್ಲಿ ಕುಕಿ ಎಕ್ಸ್‌ಚೇಂಜ್ ಇರುತ್ತೆ. ಹತ್ತು ಜನ ಇದ್ದರೆ ಒಬ್ಬೊಬ್ಬರು ಒಂದೇ ಬಗೆಯ ಕುಕಿಯನ್ನು ಹತ್ತು ಪೊಟ್ಟಣ ಮಾಡಿ ತರುವುದು, ಹೋಗುವಾಗ ಹತ್ತು ಬಗೆ ಮನೆಗೆ ಒಯ್ಯುವುದು. ಸಂಕ್ರಾಂತಿಗೆ ಎಳ್ಳು ಬೀರಿದ್ದು ಗೊತ್ತಲ್ವಾ, ಸುಮಾರು ಹಾಗೇ. ನಾನು ಒಂದು ವರ್ಷ ಬೆಂಗಳೂರಿನ ಬೇಕರಿ ಥರ ಖಾರಾ ಬಿಸ್ಕತ್ತು ಮಾಡಿದೆ, ಹಸಿಮೆಣಸು, ಕರಿಬೇವು ಹಾಕಿ. ಅರ್ಧ ಜನ ನೀರು ಹುಡುಕಿದರು. ಉಳಿದರ್ಧ ಅಲ್ಲೇ ಕಾರ್ಡು ಬರೆಸಿಕೊಂಡರು. ಈಗ ಒಬ್ಬಾಕೆ ಅದಕ್ಕೆ ಚೆಡ್ಡರ್ ಚೀಸ್ ತುರಿದು ಹಾಕಿ ಮಾಡುತ್ತಾಳೆ. ಹೇಳೋಕೆ ನಾಚಿಕೆ, ನನ್ನದಕ್ಕಿಂತ ಚೆನ್ನಾಗಿದೆ. ಈಗ ನಾನೂ ಹಾಗೇ ಮಾಡುತ್ತೇನೆ.

“ನೀನು ಇದನ್ನು ಮಾರಬೇಕು” ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. ಓಹಾಯೋದಲ್ಲಿ ಮನೆಯಲ್ಲಿ ಮಾಡಿದ ಬಿಸ್ಕತ್ತು ಮಾರಲು ಲೈಸೆನ್ಸ್ ಬೇಡ, ನಿಯಮದಂತೆ ಲೇಬಲ್ ಇದ್ದರೆ ಸಾಕು. ಆದರೆ ನೀವು ಎಚ್-4 ವೀಸಾದಲ್ಲಿದ್ದು (ಗಂಡ ಅಥವಾ ಹೆಂಡತಿಯ ಕೆಲಸದ ವೀಸಾ ಮೇಲೆ ಜೊತೆಗೆ ಬಂದವರದು) ಕೆಲಸದ ಪರವಾನಗಿ ಇಲ್ಲದಿದ್ದರೆ ಆ ಮಾತನ್ನು ನಕ್ಕು ಬಿಟ್ಟುಬಿಡಿ. ಹತ್ತು ಡಾಲರಿನ ಬಿಸ್ಕತ್ತಿಗೆ ವೀಸಾ ಪಣಕ್ಕಿಡುವುದು ಬೇಡ. ಕೊಡುವುದು, ತೆಗೆದುಕೊಳ್ಳುವುದಕ್ಕೆ ಯಾವ ತಕರಾರೂ ಇಲ್ಲ.

ಖಾಲಿ ಡಬ್ಬಿ ವಾಪಸ್ ಕೊಡಬಾರದು ಅಂತ ನಮ್ಮಲ್ಲಿ ಹೇಳುತ್ತಾರಲ್ಲ, ಹಿರಿಯಜ್ಜಿಗೆ ಅದನ್ನು ಒಮ್ಮೆ ಹೇಳಿ ಕೆಟ್ಟೆ. ಅಂದಿನಿಂದ ನನ್ನ ಡಬ್ಬಿ ಬರಿದಾಗಿ ಬಂದಿಲ್ಲ. ತಿಂಡಿ ಇಲ್ಲದ ದಿನ ಒಂದು ಫ್ಯಾಟ್ ಕ್ವಾರ್ಟರ್ ಮಡಚಿ ಇಟ್ಟಿರುತ್ತಾರೆ, 18 ಇಂಚಿಗೆ 22 ಇಂಚಿನ ಬಟ್ಟೆ ತುಂಡು. ಹೀಗೆ ಬಂದ ತುಂಡುಗಳನ್ನೇ ಸೇರಿಸಿ, ನಮ್ಮಜ್ಜಿಯ ಉದ್ದ ಹೊಲಿಗೆ ಹಾಕಿ ಒಂದು ಕೌದಿ ಮಾಡುತ್ತಿದ್ದೇನೆ. ಹೊಲಿಗೆ ನೇರ ಬರುತ್ತಿಲ್ಲ. ಹಿರಿಯಜ್ಜಿ ಸ್ಕೇಲು ಹಿಡಿದು ನೋಡಿ, ನಿಟ್ಟುಸಿರು ಬಿಟ್ಟು ಸುಮ್ಮನಾದರು.

ಇನ್ನೊಂದು, ಮರೆಯುವ ಮೊದಲು ಹೇಳಿಬಿಡುತ್ತೇನೆ. ಡಬ್ಬಿಯ ತಳಕ್ಕೆ ಮಾಸ್ಕಿಂಗ್ ಟೇಪು ಅಂಟಿಸಿ ನಿಮ್ಮ ಹೆಸರು ಬರೆಯಿರಿ. ಊರಿಂದ ತಂದ ನನ್ನ ಎರಡು ಸ್ಟೀಲ್ ಡಬ್ಬಿ ಯಾರ ಮನೆಯಲ್ಲಿವೆಯೋ, ಇನ್ನೂ ಸಿಕ್ಕಿಲ್ಲ.