ಕಚ್ಚಿಕೊಂಡ ಕ್ಯಾಲಿಪರ್ ಪಿಸ್ಟನ್‌ಗೆ ಗ್ರೀಸ್ ಗನ್: ನನ್ನ ಅನುಭವ

ಕಾರಿನ ಡಿಸ್ಕ್ ಬ್ರೇಕ್ ಕ್ಯಾಲಿಪರ್‌ನಲ್ಲಿ ಪ್ಯಾಡ್ ತಳ್ಳುವ ಪಿಸ್ಟನ್ ತುಕ್ಕು ಹಿಡಿದು ಕಚ್ಚಿಕೊಂಡರೆ ಗ್ರೀಸ್ ಗನ್‌ಗೆ (ಒತ್ತಡದಲ್ಲಿ ಗ್ರೀಸ್ ತುಂಬುವ ಪಂಪ್) ಹೊರಗೆ ಬರುತ್ತದೆ ಅಂದಾಗ ಜೊತೆಯವರು ನಕ್ಕರು. "ಬ್ರೇಕ್ ಒಳಗೆ ಗ್ರೀಸಾ? ರಬ್ಬರೆಲ್ಲ ಹಾಳು" ಅಂದರು. ಈಗ ಅವರೇ ಗ್ರೀಸ್ ಗನ್ನನ್ನು ಕ್ಯಾಲಿಪರ್‌ಗೆ ಜೋಡಿಸುವ ನನ್ನ ಅಡಾಪ್ಟರ್ ಕೇಳಿಕೊಂಡು ಬರುತ್ತಾರೆ.

ಮೊದಲು ಬ್ರೇಕ್ ಹೋಸ್ ಬಿಚ್ಚದೆ ಪೆಡಲ್ ಒತ್ತಿ ನೋಡಿದೆ. ಸುಮಾರಾಗಿ ಹಿಡಿದಿದ್ದಕ್ಕೆ ಇಷ್ಟೇ ಸಾಕು. ಇದು ಅಲ್ಲಾಡಲಿಲ್ಲ. ಆಮೇಲೆ ಕಂಪ್ರೆಸರ್ ಏರ್ ಕೊಟ್ಟೆ. ಪಿಸ್ಟನ್ 54 ಎಂಎಂ, ಏರ್ ಸುಮಾರು 7 ಬಾರ್. ಅಂದರೆ ಹಿಂದಿನಿಂದ ಹತ್ತಿರ ಹತ್ತಿರ 160 ಕೆಜಿ ತಳ್ಳುತ್ತದೆ. ಬಿಟ್ಟರೆ ಗುಂಡಿನಂತೆ ಹಾರುತ್ತದೆ, ಎದುರಿಗೆ ಬೆರಳಿದ್ದರೆ ಮುಗಿಯಿತು. ಅಷ್ಟು ಅಪಾಯ ಮೈಮೇಲೆ ಎಳೆದುಕೊಂಡರೂ ಪಿಸ್ಟನ್ ಬರಲಿಲ್ಲ. ಸಾಲದ್ದಕ್ಕೆ ಬ್ಲೀಡ್ ನಿಪ್ಪಲ್ (ಒಳಗಿನ ಗಾಳಿ ಹೊರಗೆ ಬಿಡುವ ಸಣ್ಣ ಸ್ಕ್ರೂ) ಮುರಿಯಿತು. ಅದನ್ನು ಡ್ರಿಲ್ ಹಾಕಿ ತೆಗೆಸಿದ ಖರ್ಚು ಸೀಲ್ ಕಿಟ್‌ಗಿಂತ ಜಾಸ್ತಿ!

ಗ್ರೀಸ್‌ನ ಗುಣವೇ ಬೇರೆ. ಗಾಳಿಯಂತೆ ಅದುಮಿಕೊಂಡು ಕೂರುವುದಿಲ್ಲ. ಪಿಸ್ಟನ್ ಸ್ವಲ್ಪ ಸರಿದರೆ ಒತ್ತಡ ಇಳಿದುಬಿಡುತ್ತದೆ. ಬ್ರೇಕ್ ಹೋಸನ್ನು ಕ್ಯಾಲಿಪರ್‌ಗೆ ಕೂರಿಸುವ ಬ್ಯಾಂಜೋ ಬೋಲ್ಟ್‌ನ ತೂತು ನನ್ನದರಲ್ಲಿ ಎಂ10, 1 ಎಂಎಂ ಪಿಚ್. ಅದೇ ಥ್ರೆಡ್‌ನ ಗ್ರೀಸ್ ನಿಪ್ಪಲ್ ಸಿಗುತ್ತದೆ. ಅದರ ಬುಡದಲ್ಲಿ ಸೋರದಂತೆ ಏನು ಹಾಕುತ್ತೇನೆ ಅನ್ನುವುದು ನನ್ನಲ್ಲೇ ಇರಲಿ. ಕ್ಯಾಲಿಪರನ್ನು ವೈಸ್‌ಗೆ ಕಚ್ಚಿಸಿ, ಪಿಸ್ಟನ್ ಎದುರಿಗೆ ಮರದ ತುಂಡು ಇಡಿ. ಬ್ಲೀಡ್ ನಿಪ್ಪಲ್‌ನಲ್ಲಿ ಗ್ರೀಸ್ ಕಾಣುವವರೆಗೆ ಗಾಳಿ ಹೊರಗೆ ಬಿಡಿ, ಆಮೇಲೆ ಮುಚ್ಚಿ. ಒಳಗೆ ಗಾಳಿ ಉಳಿದರೆ ಮತ್ತೆ ಅದೇ ಅಪಾಯ, ಅಲ್ವಾ? ನಿಧಾನವಾಗಿ ಪಂಪ್ ಮಾಡಿದೆ. ಟಕ್ ಅಂತ ಬಿಟ್ಟಿತು, ಆಮೇಲೆ ಕೈಯಲ್ಲೇ ಬಂತು. ಹ್ಯಾಂಡ್‌ಬ್ರೇಕ್ ಸೇರಿರುವ ಹಿಂದಿನ ಕ್ಯಾಲಿಪರ್‌ಗೆ ಮಾತ್ರ ಇದು ಬೇಡ. ಅದರಲ್ಲಿ ಪಿಸ್ಟನ್ ತಿರುಗಿಸಿ ತೆಗೆಯುವಂಥವೇ ಜಾಸ್ತಿ.

ರಬ್ಬರ್ ಹಾಳಾಗುತ್ತದೆ ಅನ್ನುವ ಮಾತು ಸುಳ್ಳಲ್ಲ. ಸುಮ್ನೆ ನೋಡೋಣ ಅಂತ ಹಳೆ ಸೀಲ್ ಒಂದನ್ನು ರಾತ್ರಿಯೆಲ್ಲ ಪೆಟ್ರೋಲ್‌ನಲ್ಲಿ ಹಾಕಿಟ್ಟಿದ್ದೆ. ಬೆಳಿಗ್ಗೆ ಊದಿಕೊಂಡು ಗ್ರೂವ್‌ನಲ್ಲಿ ಕೂರಲೇ ಇಲ್ಲ. ಗ್ರೀಸ್‌ನ ಕಥೆಯೂ ಅದೇ. ಆದರೆ ಹೇಗೂ ಹಳೆ ಸೀಲ್ ಎಸೆಯುವುದೇ ತಾನೆ? ಬೋರ್, ಗ್ರೂವ್, ಒಳದಾರಿ ಎಲ್ಲವನ್ನೂ ಬಿಸಿ ಸೋಪು ನೀರಲ್ಲಿ ತೊಳೆದು, ಬ್ರೇಕ್ ಕ್ಲೀನರ್ ಹೊಡೆದು ಒಣಗಿಸಿದೆ. ಹೊಸ ಸೀಲ್‌ಗೆ ಬ್ರೇಕ್ ಫ್ಲೂಯಿಡ್ ಬಿಟ್ಟು ಬೇರೇನೂ ಸವರಲಿಲ್ಲ.

ಪಿಸ್ಟನ್‌ನ ಕ್ರೋಮ್ ಎದ್ದಿದ್ದರೆ ಎಮರಿ ಉಜ್ಜಿ ಸಮಯ ಕಳೆಯಬೇಡಿ, ಹೊಸದು ಹಾಕಿ. ಕಿಟ್, ಪಿಸ್ಟನ್ ಎರಡೂ ಸೇರಿ ಹೊಸ ಕ್ಯಾಲಿಪರ್‌ನ ಕಾಲು ಭಾಗ ಆಗಿರಬಹುದು. ಬ್ಯಾಂಜೋದ ಕಾಪರ್ ವಾಷರ್‌ಗಳನ್ನೂ ಹೊಸದೇ ಹಾಕಿದೆ. ಬ್ಲೀಡ್ ಮಾಡಿ, ಪೆಡಲನ್ನು ಜೋರಾಗಿ ಒತ್ತಿ ಹಿಡಿದು ನೋಡಿದಾಗ ಎಲ್ಲೂ ಒಂದು ಹನಿ ಸೋರಲಿಲ್ಲ.