‘ಡಿಮರ್’ ಕಲಿಸಲು ಶಕ್ತಿನಗರದ ವ್ಯಾಗನ್

ರಾಯಚೂರಿನಲ್ಲಿ ಬ್ಯಾಂಕ್ ಪರೀಕ್ಷೆಗೆ ಓದುವವರಿಗೆ ನಾನು ಇಂಗ್ಲಿಷ್ ಹೇಳಿಕೊಡುತ್ತೇನೆ. ಅವರು ಬರೆದುಕೊಂಡು ಬರುವ ಪದಪಟ್ಟಿಯಲ್ಲಿ ‘ಡಿಮರ್’ (demur) ಎದುರಿಗೆ ‘ಆಕ್ಷೇಪಿಸು’ ಎಂದಷ್ಟೇ ಇರುತ್ತದೆ. ಅದನ್ನೇ ಬಾಯಿಪಾಠ ಮಾಡಿದವರು ಸದನದ ಗದ್ದಲಕ್ಕೂ ಇದೇ ಪದ ಹಾಕುತ್ತಾರೆ. ಮೇಜು ಕುಟ್ಟಿ ಕೂಗಾಡುವವನಿಗೆ ಈ ಪದ ಸಲ್ಲದು. ಮದುವೆ ಮಾತುಕತೆಯಲ್ಲಿ ಗಂಡಿನ ಕಡೆಯವರು ಮುಂದಿನ ತಿಂಗಳೇ ಮುಹೂರ್ತ ಅಂದಾಗ ಹುಡುಗಿಯ ತಂದೆ ಟವೆಲ್ ಸರಿಮಾಡಿಕೊಳ್ಳುತ್ತಾ “ಅಷ್ಟು ಲಗೂ ಆಗ್ತದೇನ್ರಿ?” ಅನ್ನುತ್ತಾರಲ್ಲ, ಅದು ಡಿಮರ್. ಒಲ್ಲೆ ಅಂದಿಲ್ಲ, ಹೂಂ ಅಂತಲೂ ಅಂದಿಲ್ಲ.

ಈ ತಡವರಿಕೆ ಪದದ ಹುಟ್ಟಿನಲ್ಲೇ ಇದೆ ಎಂದು ತೋರಿಸಲು ನನಗೆ ಒದಗಿದ್ದು ಶಕ್ತಿನಗರದ ಉಷ್ಣ ವಿದ್ಯುತ್ ಸ್ಥಾವರ. ಅಲ್ಲಿಗೆ ಕಲ್ಲಿದ್ದಲು ರೈಲಿನಲ್ಲಿ ಬರುತ್ತದೆ. ಸರಕು ಇಳಿಸಲು ಕೊಟ್ಟ ಫ್ರೀ ಟೈಮ್ ಮೀರಿ ವ್ಯಾಗನ್ ನಿಂತರೆ ರೈಲ್ವೆಗೆ ಡೆಮರೇಜ್, ಅಂದರೆ ತಡಮಾಡಿದ್ದಕ್ಕೆ ಶುಲ್ಕ, ಕಟ್ಟಬೇಕು. “ಡೆಮರೇಜ್ ಗೊತ್ತೈತಿ ಸರ್” ಎನ್ನುವವರು ಪ್ರತಿ ಬ್ಯಾಚಿನಲ್ಲೂ ಇರುತ್ತಾರೆ. ಎರಡೂ ಒಂದೇ ಬೇರಿನವು: ಲ್ಯಾಟಿನ್ನಿನ ‘ಮೊರಾ’ ಎಂದರೆ ವಿಳಂಬ, ಅದು ಫ್ರೆಂಚ್ ಹಾದು ಇಂಗ್ಲಿಷಿಗೆ ಬಂದಾಗ ಡಿಮರ್‌ಗೆ ಮೊದಲಿದ್ದ ಅರ್ಥ ತಡಮಾಡು, ಉಳಿ ಎಂದು. ಆಮೇಲೆ ಅನುಮಾನಿಸು, ಕೊನೆಗೆ ತಕರಾರು ತೆಗೆ.

ಬ್ಯಾಂಕಿಗೆ ಹೋಗುವವರಿಗೆ ನಿಜವಾಗಿ ಬೇಕಾದದ್ದು ಗ್ಯಾರಂಟಿ ಪತ್ರದ ಸಾಲು. ಗುತ್ತಿಗೆದಾರನ ಪರವಾಗಿ ಬ್ಯಾಂಕು ಸರ್ಕಾರಿ ಇಲಾಖೆಗೆ ಕೊಡುವ ಪತ್ರದಲ್ಲಿ, ಇಲಾಖೆ ಕೇಳಿದ ಕೂಡಲೇ ‘ವಿದೌಟ್ ಎನಿ ಡಿಮರ್’, ಅಂದರೆ ಯಾವ ತಕರಾರೂ ಇಲ್ಲದೆ, ಹಣ ಕೊಡುತ್ತೇವೆ ಎಂದಿರುತ್ತದೆ. ಕೆಲಸ ಕೆಟ್ಟದ್ದು ಯಾರಿಂದ ಎಂಬ ಜಗಳ ಗುತ್ತಿಗೆದಾರ ಮತ್ತು ಇಲಾಖೆಯ ನಡುವಿನದು. ಅದನ್ನು ಮುಂದೊಡ್ಡಿ ಬ್ಯಾಂಕ್ ಮೀನಮೇಷ ಎಣಿಸುವಂತಿಲ್ಲ. ವಂಚನೆಯಂಥ ಅಪರೂಪದ ಪ್ರಸಂಗದಲ್ಲಷ್ಟೇ ಕೋರ್ಟು ಆ ಪಾವತಿಯನ್ನು ತಡೆಯುತ್ತದೆ. ಇಷ್ಟು ಹೇಳಿದ ಮೇಲೆ ಆ ಪದವನ್ನು ಯಾರೂ ಪಟ್ಟಿಯಿಂದ ಓದುವುದಿಲ್ಲ.

ವಕೀಲಿಕೆ ಓದಿದವರಿದ್ದರೆ ‘ಡಿಮರರ್’ ಬಗ್ಗೆಯೂ ಒಂದು ಮಾತು: ಎದುರಾಳಿ ಹೇಳಿದ್ದೆಲ್ಲ ನಿಜವೆಂದೇ ಇಟ್ಟುಕೊಂಡರೂ ಅವನ ದಾವೆ ಕಾನೂನಿನ ಮುಂದೆ ನಿಲ್ಲದು ಎಂಬ ವಾದ. ಉಳಿದವರಿಗೆ ಇದು ಬೇಡ.

ಪರೀಕ್ಷೆಯಲ್ಲಿ ಕಾಲು ಜಾರುವುದು ‘ಡಿಮ್ಯೂರ್’ ಹತ್ತಿರ. ಬರವಣಿಗೆಯಲ್ಲಿ ಕೊನೆಗೊಂದು ‘ಇ’ ಹೆಚ್ಚು, ಅರ್ಥ ಮಾತ್ರ ಸಂಕೋಚದ, ಗಂಭೀರ ನಡೆಯ ಎಂದು. ಇನ್ನೊಂದು, ಪ್ರಸ್ತಾವವನ್ನು ನೇರವಾಗಿ ‘ಡಿಮರ್’ ಮಾಡಲಾಗದು. ನಡುವೆ ‘ಅಟ್’ ಅಥವಾ ‘ಟು’ ಬೇಕು. ಭೂತಕಾಲದಲ್ಲಿ ‘ಆರ್’ ಎರಡು.

ಕೊನೆಗೆ ಮನೆಯ ಮಾತನ್ನೇ ವಾಕ್ಯ ಮಾಡಿಸುತ್ತೇನೆ. ತಮ್ಮ ಸ್ಕೂಟಿ ಕೇಳಿದ, ನಾನು ಡಿಮರ್ ಮಾಡಿದೆ, ಆಮೇಲೆ ಕೀಲಿ ಕೊಟ್ಟೆ ಎಂದು ಒಬ್ಬಳು ಬರೆದಳು. “ಕೊಟ್ಟ ಮ್ಯಾಲ ಅದು ಆಕ್ಷೇಪಣೆ ಹೆಂಗಾತ್ರಿ?” ಎಂದು ಪಕ್ಕದವನು ಕೇಳಿದ. ವಾಕ್ಯ ಸರಿಯಾಗಿದೆ ಎಂದೆ. ಡಿಮರ್ ಮಾಡಿದವರು ಆಮೇಲೆ ಒಪ್ಪಲೂಬಹುದು.